ದುಂಡು ಗರಿಯ ತಾಳೆ: ಕೊಳ್ಳುವ ಮುನ್ನ ಅಂಚು ನೋಡಿ

ಬೆಂಗಳೂರಿನ ನರ್ಸರಿಗಳಲ್ಲಿ ‘ಫ್ಯಾನ್ ಪಾಮ್’ ಎಂಬ ಒಂದೇ ಹೆಸರಿನಡಿ ಸಿಗುವ ದುಂಡು ಗರಿಯ ಎಳೆ ಸಸಿಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಎರಡು ಜಾತಿ. ವನುವಾಟು ಮತ್ತು ಸಾಲೊಮನ್ ದ್ವೀಪಗಳ ಕಡೆಯ ಲಿಕುವಾಲ ಗ್ರಾಂಡಿಸ್ ಮೂರು ಮೀಟರಿನ ಆಸುಪಾಸಿನಲ್ಲಿ ನಿಲ್ಲುವ, ಬಹಳ ನಿಧಾನವಾಗಿ ಬೆಳೆಯುವ ಗಿಡ. ಹಿಂದೆ ಲಿವಿಸ್ಟೋನಾ ಕುಲದಲ್ಲಿದ್ದು 2011ರಲ್ಲಿ ಬೇರೆ ಕುಲಕ್ಕೆ ಸೇರಿದ ಸಾರಿಬಸ್ ರೊಟುಂಡಿಫೋಲಿಯಸ್ ಫಿಲಿಪ್ಪೀನ್ಸ್ ಮತ್ತು ಇಂಡೊನೇಷ್ಯಾ ಕಡೆಯದು; ನೆಲದಲ್ಲಿ ಅದು 15 ಮೀಟರನ್ನೂ ಮೀರುವ ಮರ. ಒಂದನ್ನು ಇನ್ನೊಂದೆಂದು ತಿಳಿದು ಕಾಂಪೌಂಡ್ ಗೋಡೆಗೆ ಒತ್ತಿ ನೆಟ್ಟವರು ಮುಂದೆ ಮರವನ್ನೇ ಕಡಿಸಬೇಕಾಗುತ್ತದೆ, ಏಕೆಂದರೆ ಒಂಟಿ ಕಾಂಡದ ಈ ತಾಳೆಗಳಿಗೆ ಇರುವುದೊಂದೇ ಸುಳಿ, ತುದಿ ಕತ್ತರಿಸಿದರೆ ಅವು ಮತ್ತೆ ಚಿಗುರುವುದಿಲ್ಲ.

ತೊಟ್ಟಿನ ಮುಳ್ಳು ಎರಡರಲ್ಲೂ ಇರುವುದರಿಂದ ಅದನ್ನು ನಂಬಬೇಡಿ. ಗರಿಯ ಅಂಚನ್ನು ಬೆರಳಿನಿಂದ ಸವರಿ ನೋಡಿ. ಲಿಕುವಾಲದ ಗರಿ ಸೀರೆಯ ನೆರಿಗೆಯಂತೆ ಮಡಿಕೆಬಿದ್ದು ಅಖಂಡವಾಗಿರುತ್ತದೆ, ಅಂಚಿನಲ್ಲಿ ಸಣ್ಣ ಹಲ್ಲುಗಳಷ್ಟೇ ಸಿಗುತ್ತವೆ. ಸಾರಿಬಸ್‌ನ ಎಳೆಯ ಗರಿಯಲ್ಲಿಯೂ ಸುತ್ತ ಸೀಳುಗಳಿದ್ದು, ಗಿಡ ಬಲಿತಂತೆ ಹೊಸ ಗರಿಗಳಲ್ಲಿ ಅವು ಇನ್ನಷ್ಟು ಒಳಕ್ಕೆ ಇಳಿಯುತ್ತವೆ.

ಲಿಕುವಾಲಕ್ಕೆ ನಮ್ಮೂರಿನಲ್ಲಿ ಕಷ್ಟವಾಗುವುದು ಚಳಿಗಿಂತ ಹೆಚ್ಚಾಗಿ ಫೆಬ್ರುವರಿಯಿಂದ ಬೀಸುವ ಒಣಗಾಳಿ ಮತ್ತು ಬೋರ್‌ವೆಲ್‌ನ ಗಡಸು ನೀರು. ಜಯನಗರದ ಒಂದು ಮಹಡಿಯಲ್ಲಿ ನಾನು ನೋಡಿದ ಗಿಡದ ಪ್ರತಿ ಗರಿಯ ಅಂಚೂ ಬೆರಳಗಲ ಕಂದಾಗಿತ್ತು. ಮನೆಯವರು ರೋಗವೆಂದು ಎರಡು ಬಾರಿ ಶಿಲೀಂಧ್ರನಾಶಕ ಸಿಂಪಡಿಸಿದ್ದರು. ಕುಂಡದ ಮಣ್ಣಿನ ಮೇಲೆ ಕೂತಿದ್ದ ಬಿಳಿ ಪೊರೆಯನ್ನು ಕೆರೆದು ತೋರಿಸಿದಾಗಲೇ ಅವರಿಗೆ ಕಾರಣ ಹೊಳೆದದ್ದು. ಕೆಳಗಿನ ರಂಧ್ರದಿಂದ ಧಾರಾಳವಾಗಿ ಹರಿದುಹೋಗುವಷ್ಟು ಕಾವೇರಿ ನೀರನ್ನು ಹಾಯಿಸಿ ಉಪ್ಪನ್ನು ತೊಳೆದೆವು, ಕುಂಡವನ್ನು ಮಧ್ಯಾಹ್ನದ ಬಿಸಿಲು ತಾಗದ ಪೂರ್ವದ ಮೂಲೆಗೆ ಸರಿಸಿದೆವು. ಸುಟ್ಟ ಅಂಚು ಮತ್ತೆ ಹಸಿರಾಗುವುದಿಲ್ಲ. ಮಳೆಗಾಲದಲ್ಲಿ ಬಿಚ್ಚಿಕೊಂಡ ಹೊಸ ಗರಿ ಮಾತ್ರ ಅಂಚಿನವರೆಗೂ ಹಸಿರಾಗಿತ್ತು.

ಕೆಂಪು ಮಣ್ಣಿಗೆ ತೆಂಗಿನ ನಾರಿನ ಪುಡಿ, ದಪ್ಪ ಮರಳು ಮತ್ತು ಎರೆಗೊಬ್ಬರ ಸೇರಿಸಿದ ಮಿಶ್ರಣ ಸಾಕು. ಅಂಚು ಒಣಗಿತೆಂದು ಇಡೀ ಗರಿಯನ್ನು ಕತ್ತರಿಸಬೇಡಿ, ಉಳಿದ ಹಸಿರು ಭಾಗ ಗಿಡಕ್ಕೆ ಆಹಾರ ಒದಗಿಸುತ್ತಲೇ ಇರುತ್ತದೆ. ಡಿಸೆಂಬರ್, ಜನವರಿಯಲ್ಲಿ ಮೇಲ್ಮಣ್ಣು ಒಣಗಿದ ಮೇಲಷ್ಟೇ, ಸುಳಿಯೊಳಗೆ ನಿಲ್ಲದಂತೆ ಬುಡಕ್ಕೆ ನೀರು ಕೊಡಿ.