ಜೋಡಿ ಕಲ್ಲುಮನೆಯ ಸಂದಿಗೆ ಸಿಮೆಂಟು ಬೇಡ

ಇಂಗ್ಲೆಂಡಿನ ಬಾತ್ ನಗರದಲ್ಲಿ ಹಳೆಯ ಕಲ್ಲುಮನೆಗಳ ದುರಸ್ತಿ ನನ್ನ ವೃತ್ತಿ. ಇಲ್ಲಿ ಮನೆ ಕೊಂಡ ಕನ್ನಡಿಗರೂ ಸಲಹೆಗೆ ಬರುತ್ತಾರೆ. ಅವರಲ್ಲಿ ಹಲವರು ಕೊಂಡಿರುವುದು ಜೋಡಿಮನೆಯ ಒಂದು ಪಾಲು, ಎಂದರೆ ನಡುವಿನ ಒಂದೇ ಗೋಡೆಯನ್ನು ಹಂಚಿಕೊಂಡ ಎರಡು ಮನೆಗಳಲ್ಲಿ ಒಂದು. ಅವರು ತರುವ ದೂರು ಗೋಡೆಯ ತೇವದ್ದು. ನನ್ನಲ್ಲಿಗೆ ಬರುವ ಮೊದಲೇ ಮಾಡಿಸಿ ಮುಗಿಸಿರುವ ಪರಿಹಾರ ಸಿಮೆಂಟಿನದು.

ಇಂಥ ಮನೆಗಳನ್ನು ರೂಪಿಸಿದವರು ಜೋಡಿಯನ್ನು ಒಂದೇ ಕಟ್ಟಡವೆಂದು ಎಣಿಸಿದ್ದರು. ತೋಟ ವಿನ್ಯಾಸಗಾರ ಜಾನ್ ಕ್ಲಾಡಿಯಸ್ ಲೌಡನ್ 1823–25ರಲ್ಲಿ ಲಂಡನ್ನಿನ ಪೋರ್ಚೆಸ್ಟರ್ ಟೆರೇಸಿನಲ್ಲಿ ಕಟ್ಟಿಸಿದ ಜೋಡಿಮನೆ ಕಲ್ಲಿನದಲ್ಲ, ಗಿಲಾವಿನದು. ಆದರೂ ಮುಂಭಾಗದ ನಡುವೆ ಗಾಜಿನ ಗುಮ್ಮಟವಿಟ್ಟು, ಬಾಗಿಲುಗಳನ್ನು ಪಕ್ಕಕ್ಕೆ ಸರಿಸಿ, ದಾರಿಹೋಕರಿಗೆ ಒಂದೇ ದೊಡ್ಡ ಮನೆಯಂತೆ ಕಾಣಿಸಿದ ರೀತಿ ಗಮನಾರ್ಹ. ಬಾತ್‌ನ ಜೋಡಿಮನೆಗಳಲ್ಲಿ ಬೀದಿಯ ಕಡೆಗೆ ನಯವಾಗಿ ಕೆತ್ತಿದ ಕಲ್ಲು, ಹಿಂದೆ ಮತ್ತು ಪಕ್ಕದಲ್ಲಿ ಸಾಮಾನ್ಯವಾಗಿ ಕಾಡುಗಲ್ಲು, ನಡುಗೋಡೆಯ ನೆತ್ತಿಯ ಮೇಲೆ ಎರಡು ಮನೆಗಳ ಹೊಗೆಯನ್ನೂ ಹೊರುವ ಒಂದೇ ಹೊಗೆಗೂಡು.

ಬಾತ್ ಕಲ್ಲು ರಂಧ್ರಗಳಿಂದ ತುಂಬಿದ ಮೃದುವಾದ ಸುಣ್ಣಕಲ್ಲು. ಕಲ್ಲುಗಳ ನಡುವಿನ ಸಂದಿಯಲ್ಲಿರುವ ಗಾರೆಯ ಕೆಲಸ ನೀರನ್ನು ತಡೆಯುವುದು ಎಂದು ಜನ ಭಾವಿಸುತ್ತಾರೆ; ಅದು ಅರ್ಧ ಮಾತ್ರ ನಿಜ. ಮಳೆಯ ನೀರನ್ನು ಗೋಡೆ ಹೇಗೂ ಹೀರುತ್ತದೆ. ಹೀರಿದ ನೀರು ಆರಿ ಹೊರಹೋಗಲು ಸುಲಭದ ದಾರಿ ಸುಣ್ಣದ ಗಾರೆ. ಆ ದಾರಿಗೆ ಸಿಮೆಂಟು ತುಂಬಿದರೆ ನೀರು ಕಲ್ಲಿನ ಮೈಯಿಂದಲೇ ಆರಬೇಕಾಗುತ್ತದೆ. ಆರುವಾಗ ಉಪ್ಪನ್ನು ಅಲ್ಲೇ ಬಿಡುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಶೇ. 9ರಷ್ಟು ಹಿಗ್ಗುತ್ತದೆ, ಕಲ್ಲಿನ ಮೈ ಪುಡಿಯಾಗಿ ಉದುರುತ್ತದೆ. ಆದ್ದರಿಂದ ಸಂದಿಯ ಗಾರೆ ಕಲ್ಲಿಗಿಂತ ದುರ್ಬಲವಾಗಿಯೇ ಇರಬೇಕು. ಸವೆದ ಗಾರೆಯನ್ನು ಕೆದಕಿ ತೆಗೆದು ಹೊಸದು ತುಂಬಬಹುದು. ಸವೆದ ಕಲ್ಲನ್ನು ಮತ್ತೆ ಬೆಳೆಸಲಾಗದು.

ಮಲೆನಾಡಿನ ಕಡೆಯ ದಂಪತಿಯೊಬ್ಬರು ಹೊಗೆಗೂಡಿನ ತಮ್ಮ ಅರ್ಧಕ್ಕೆ ಮಾತ್ರ ಸಿಮೆಂಟು ತುಂಬಿಸಿದ್ದರು. "ಸಾರ್, ಸುಣ್ಣಕ್ಕಿಂತ ಸಿಮೆಂಟು ಗಟ್ಟಿ ಅಲ್ಲವೆ?" ಎಂದು ಅವರು ಕೇಳಿದಾಗ ನಾನು ಅವರನ್ನು ಅಟ್ಟಣೆಯ ಮೇಲಕ್ಕೆ ಕರೆದೊಯ್ದೆ. ಸಿಮೆಂಟಿನ ಗೆರೆಗಳು ಜೇನುಹುಟ್ಟಿನ ಅಂಚಿನಂತೆ ಮುಂದೆ ನಿಂತಿದ್ದವು, ನಡುವಿನ ಕಲ್ಲು ಒಂದು ಬೆರಳಿನಷ್ಟು ಒಳಕ್ಕೆ ಸವೆದಿತ್ತು, ಹೆಬ್ಬೆರಳಿನಿಂದ ಒತ್ತಿದರೆ ಮರಳಿನಂತೆ ಕೈಗೆ ಬರುತ್ತಿತ್ತು. ಕೆಳಗೆ, ಪಕ್ಕದ ಮನೆಯ ವೃದ್ಧೆ ಮಲಗುವ ಕೋಣೆಯ ಗೋಡೆಯ ಮೇಲೆ ಹಳೆಯ ಮಸಿಯ ಕಂದು ಕಲೆ ಹರಡಿತ್ತು; ಕಾಗದದಲ್ಲಿ ಗಡಿ ಎಲ್ಲೇ ಇರಲಿ, ನೀರು ನಡುಗೋಡೆಯ ಎರಡೂ ಕಡೆಗೆ ಇಳಿದಿತ್ತು. ಆಕೆ ಒಂದು ಮಾತೂ ಆಡದೆ ನಮಗೆಲ್ಲ ಚಹಾ ತಂದುಕೊಟ್ಟರು. ಆ ದಂಪತಿಯ ಮುಖದಲ್ಲಿದ್ದ ಸಂಕಟವನ್ನು ಕಂಡ ಮೇಲೆ ಗದರಿಸಲು ನನಗೂ ಮನಸ್ಸಾಗಲಿಲ್ಲ.

ಎಲ್ಲ ತೇವಕ್ಕೂ ಸಿಮೆಂಟೇ ಕಾರಣವೆಂದು ನಾನು ಹೇಳುತ್ತಿಲ್ಲ. ಮೊದಲು ಸೂರಿನ ದೋಣಿ ಕಟ್ಟಿಕೊಂಡಿದೆಯೇ ನೋಡಿ, ಮುಚ್ಚಿದ ಒಲೆಗೂಡಿಗೆ ಗಾಳಿಕಂಡಿ ಇದೆಯೇ ನೋಡಿ. ಸಿಮೆಂಟನ್ನು ಕೀಳುವುದೂ ಎಲ್ಲ ಕಡೆ ಸರಿಯಲ್ಲ. ಯಂತ್ರ ಹಚ್ಚಿ ಕಿತ್ತರೆ ಕಲ್ಲಿನ ಅಂಚೇ ಮುರಿಯಬಹುದು. ಮನೆ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಅದರ ಸ್ವರೂಪವನ್ನು ಬಾಧಿಸುವ ಕೆಲಸಕ್ಕೆ ಅನುಮತಿ ಬೇಕು. ನಡುಗೋಡೆಯನ್ನು ಕೊರೆಯುವ ಕೆಲಸವಿದ್ದರೆ 1996ರ ನಡುಗೋಡೆ ಕಾಯ್ದೆಯಂತೆ ನೆರೆಯವರಿಗೆ ಎರಡು ತಿಂಗಳು ಮೊದಲೇ ಲಿಖಿತ ಸೂಚನೆ ಕೊಡಬೇಕು. ಸೂಚನೆಯ ಕಾಗದಕ್ಕೂ ಮೊದಲು ಹೋಗಿ ಮಾತಾಡಿಸಿ ಬನ್ನಿ.

ಆ ದಂಪತಿ ಮತ್ತು ಪಕ್ಕದ ಮನೆಯವರು ಈಗ ಖರ್ಚನ್ನು ಹಂಚಿಕೊಂಡು ಇಡೀ ಹೊಗೆಗೂಡಿಗೆ ಸುಣ್ಣದ ಗಾರೆ ಹಾಕಿಸಲು ಒಪ್ಪಿದ್ದಾರೆ. ಉಷ್ಣತೆ 5 ಡಿಗ್ರಿಗಿಂತ ಕೆಳಗಿಳಿದರೆ ಹಸಿ ಗಾರೆ ಕೆಡುವುದರಿಂದ ವಸಂತದವರೆಗೆ ಕಾಯಲೇಬೇಕು. ಏಪ್ರಿಲ್ ಕೊನೆಗೆ ಉಳಿಯಿಂದ ಒಂದೊಂದೇ ಸಂದಿಯನ್ನು ಬಿಡಿಸಿ, ಗಾರೆ ತುಂಬಿ, ಊರಿನಲ್ಲಿ ಮೇಸ್ತ್ರಿಗಳು ಮಾಡುತ್ತಿದ್ದಂತೆಯೇ ಒದ್ದೆ ಗೋಣಿತಾಟು ಹೊದಿಸಿ ನಿಧಾನವಾಗಿ ಆರಲು ಬಿಡುತ್ತೇವೆ.