ಕೊಡಗಿನ ಮಳೆ ಲೆಕ್ಕದಲ್ಲಿ ಕಾಣುವ ಭೂತಾಪ

ಮಳೆಗಾಲದ ಬೆಳಗ್ಗೆ ಕೊಡಗಿನ ಕಾಫಿ ಬೆಳೆಗಾರರು ಫೋನಿನಲ್ಲಿ ಕ್ಷೇಮಸಮಾಚಾರಕ್ಕಿಂತ ಮೊದಲು ಕೇಳುವ ಪ್ರಶ್ನೆ ‘ನಿಮ್ಮಲ್ಲಿ ಎಷ್ಟು ಸೆಂಟ್?’ ಎಂಬುದು. ಮಳೆಯ ಅಳತೆಯಲ್ಲಿ ಒಂದು ಇಂಚಿಗೆ ನೂರು ಸೆಂಟ್. ಮಿಲಿಮೀಟರ್ ಲೆಕ್ಕ ಸರ್ಕಾರಿ ಕಚೇರಿಗಾದರೆ ಸೆಂಟ್ ಲೆಕ್ಕ ತೋಟಕ್ಕೆ. ಎಷ್ಟೋ ತೋಟಗಳಲ್ಲಿ ಅಜ್ಜನ ಕಾಲದ ಮಳೆ ಪುಸ್ತಕಗಳು ಇಂದಿಗೂ ಜೋಪಾನವಾಗಿವೆ. ಹಾಗಾಗಿ ಜಾಗತಿಕ ತಾಪಮಾನ ಏರಿಕೆಯ ಮಾತು ಬಂದಾಗ ಇಲ್ಲಿ ಏಳುವ ಆಕ್ಷೇಪಕ್ಕೂ ಅಂಕಿಅಂಶದ ಬಲವಿರುತ್ತದೆ. ಒಟ್ಟು ಮಳೆ ಒಂದು ವರ್ಷ ಹೆಚ್ಚು, ಇನ್ನೊಂದು ವರ್ಷ ಕಡಿಮೆ, ಹಿಂದೆಯೂ ಹಾಗೆಯೇ ಇತ್ತು, ಮಡಿಕೇರಿಯಲ್ಲಿ ಡಿಸೆಂಬರ್ ಬಂದರೆ ಈಗಲೂ ಸ್ವೆಟರ್ ಬೇಕು, ಹಾಗಿದ್ದರೆ ಬದಲಾದದ್ದೇನು?

ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಇರುವುದು ಪುಟದ ಕೆಳಗಿನ ‘ಒಟ್ಟು’ ಎಂಬಲ್ಲಿ ಅಲ್ಲ, ದಿನದಿನದ ಸಾಲುಗಳಲ್ಲಿ. ಹತ್ತು ಸೆಂಟ್ ಎಂದರೆ ಎರಡೂವರೆ ಮಿಲಿಮೀಟರ್. ಹವಾಮಾನ ಇಲಾಖೆ ಒಂದು ದಿನವನ್ನು ‘ಮಳೆಯ ದಿನ’ ಎಂದು ಎಣಿಸಬೇಕಾದರೆ ಕನಿಷ್ಠ ಇಷ್ಟು ಬಿದ್ದಿರಬೇಕು. ಒಂದೇ ದಿನ ಎಂಟು ಇಂಚು ದಾಟಿದರೆ ಅದು ಇಲಾಖೆಯ ವರ್ಗೀಕರಣದ ಅತಿ ಮೇಲಿನ ಮೆಟ್ಟಿಲು. ಒಟ್ಟು ಮೊತ್ತ ಒಂದೇ ಆಗಿರುವ ಎರಡು ವರ್ಷಗಳ ನಡುವೆಯೂ ಮಳೆಯ ದಿನಗಳು ಎಷ್ಟು, ಎಂಟಿಂಚಿನ ದಿನಗಳು ಎಷ್ಟು ಎಂಬುದರಲ್ಲಿ ಅಜಗಜಾಂತರ ಇರಬಹುದು; ಬೆಳೆಯೂ ಗುಡ್ಡವೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಈ ವ್ಯತ್ಯಾಸವನ್ನೇ.

ಮೂಲ ವಿಜ್ಞಾನ ಹೊಸದೇನಲ್ಲ. ಬಿಸಿಲಿಗೆ ಕಾದ ನೆಲ ಆ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಹೊರಗೆ ಬಿಡುತ್ತದೆ. ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್‌ಗಳು ಅದನ್ನು ಹೀರಿ, ಒಂದು ಪಾಲನ್ನು ಮತ್ತೆ ನೆಲದ ಕಡೆಗೇ ಕಳುಹಿಸುತ್ತವೆ. ಈ ಏರ್ಪಾಡು ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಈಗಿನ 15 ಡಿಗ್ರಿಯ ಬದಲು ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರುತ್ತಿತ್ತು. ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿ ಬಿಸಿಯಾಗುತ್ತದೆ ಎಂಬುದನ್ನು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1896ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಕೈಗಾರಿಕೆಗಳು ಬರುವ ಮುನ್ನ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280ರಷ್ಟಿದ್ದ ಈ ಅನಿಲ, ಹವಾಯಿಯ ಮೌನಾ ಲೋವಾದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳೆಯಲು ತೊಡಗಿದಾಗ 315ರ ಹತ್ತಿರವಿತ್ತು. ಈಗ 420ನ್ನು ದಾಟಿದೆ. 2011ರಿಂದ 2020ರವರೆಗಿನ ದಶಕ 19ನೇ ಶತಮಾನದ ಉತ್ತರಾರ್ಧಕ್ಕಿಂತ ಸರಾಸರಿ 1.1 ಡಿಗ್ರಿ ಹೆಚ್ಚು ಬಿಸಿಯಾಗಿತ್ತು. ಸೂರ್ಯನೇ ಹೆಚ್ಚು ಉರಿಯುತ್ತಿರಬಹುದಲ್ಲ ಎನ್ನುವವರಿಗೆ ಉತ್ತರ ಆಕಾಶದಲ್ಲೇ ಇದೆ: ಸೂರ್ಯ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವೂ ಕೆಳಗಿನ ಪದರವೂ ಒಟ್ಟಿಗೇ ಬಿಸಿಯಾಗಬೇಕಿತ್ತು. ಆದದ್ದು ಬೇರೆ, ಕೆಳಗೆ ಬಿಸಿ ಏರಿದೆ, ಮೇಲಿನ ಸ್ತರಗೋಳ ತಣ್ಣಗಾಗಿದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಕಾಣುವ ಗುರುತು ಇದೇ.

ಒಂದು ಡಿಗ್ರಿಯ ಏರಿಕೆ ಕೊಡಗಿನವರ ಮೈಗೆ ತಟ್ಟುವಂಥದ್ದಲ್ಲ. ಅದು ತಟ್ಟುವುದು ಮೋಡಕ್ಕೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಆದರೆ ಇಡೀ ಭೂಮಿಯ ಒಟ್ಟು ಮಳೆ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ಡಿಗ್ರಿಗೆ ಶೇ 2ರಿಂದ 3ರಷ್ಟು ಮಾತ್ರ ಹೆಚ್ಚುತ್ತದೆ; ಏಕೆಂದರೆ ನೀರು ಆವಿಯಾಗುವಾಗ ಹೀರಿದ ಶಾಖ ಮೋಡ ಕಟ್ಟುವಾಗ ವಾತಾವರಣಕ್ಕೆ ಬಿಡುಗಡೆಯಾಗುತ್ತದೆ, ಮತ್ತು ಆ ಶಾಖವನ್ನು ಅಂತರಿಕ್ಷಕ್ಕೆ ಸಾಗಿಸುವ ವೇಗಕ್ಕೆ ವಾತಾವರಣದಲ್ಲಿ ಒಂದು ಮಿತಿಯಿದೆ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಇಡೀ ಕಥೆ ಅಡಗಿದೆ. ಸುರಿಯುವಾಗ ಮೋಡ ಶೇ 7ರಷ್ಟು ಹೆಚ್ಚು ಸುರಿಯಬಲ್ಲದು, ಆದರೆ ಒಟ್ಟು ಮಳೆ ಅಷ್ಟು ಹೆಚ್ಚಿಲ್ಲ. ಆಗ ಲೆಕ್ಕ ಸರಿಹೋಗಬೇಕಾದರೆ ಎಲ್ಲೋ ಸಣ್ಣ ಮಳೆ ಕಡಿಮೆಯಾಗಬೇಕು, ಇಲ್ಲವೇ ಎರಡು ಮಳೆಗಳ ನಡುವಿನ ಬಿಡುವು ಉದ್ದವಾಗಬೇಕು. ಪುಷ್ಯ ಮಳೆಯಲ್ಲಿ ಹಗಲು ರಾತ್ರಿ ಹಿಡಿದು ಸುರಿಯುತ್ತಿದ್ದ ಜಡಿಮಳೆ ಮತ್ತು ಎರಡು ದಿನ ಬಡಿದು ವಾರಗಟ್ಟಲೆ ಬಿಸಿಲು ಕೊಡುವ ಮಳೆ ಪುಸ್ತಕದಲ್ಲಿ ಒಂದೇ ಮೊತ್ತ ತೋರಿಸಬಹುದು.

ಕಾಫಿ ಗಿಡಕ್ಕಂತೂ ಮೊತ್ತಕ್ಕಿಂತ ತಾರೀಖು ಮುಖ್ಯ. ಚಳಿಗಾಲದ ಒಣಹವೆಯಲ್ಲಿ ಗೆಣ್ಣುಗಳಲ್ಲಿ ಕೂತ ಮೊಗ್ಗು ನಿದ್ರೆಗೆ ಜಾರುತ್ತದೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಇಂಚಿನ ಆಸುಪಾಸು ಹೂಮಳೆ ಬಿದ್ದರೆ ಎಚ್ಚೆತ್ತು, ವಾರ ಹತ್ತು ದಿನಗಳಲ್ಲಿ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಬಳಿಕ ಕಾಯಿ ಕಚ್ಚಲು ಬ್ಯಾಕಿಂಗ್ ಮಳೆ, ಅಂದರೆ ಹೂಮಳೆಯ ಹಿಂದೆಯೇ ಬರುವ ಇನ್ನೊಂದು ಮಳೆ ಬೇಕು. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಗಾಳಿ ಮತ್ತು ಹೆಜ್ಜೇನು, ತುಡುವೆ ಜೇನುಗಳನ್ನು ನಂಬಿದೆ. ಹೂ ಬಿರಿದ ಬೆಳಗ್ಗೆಯೇ ಜೋರು ಮಳೆ ಬಂದರೆ ಜೇನು ಹಾರುವುದಿಲ್ಲ, ಪರಾಗ ತೊಳೆದುಹೋಗುತ್ತದೆ. ಇನ್ನು ಜನವರಿಯಲ್ಲಿ ಅಕಾಲ ಮಳೆ ಬಂದರಂತೂ ಫಜೀತಿ: ಗಿಡದ ಒಂದೇ ರೆಕ್ಕೆಯಲ್ಲಿ (ಅಡ್ಡ ಕೊಂಬೆಯಲ್ಲಿ) ಕೊಯ್ಯದ ಕೆಂಪು ಹಣ್ಣೂ ಅರಳಿದ ಬಿಳಿ ಹೂವೂ ಜೊತೆಯಾಗಿ ನಿಲ್ಲುತ್ತವೆ. ಹಣ್ಣಿಗೆ ಕೈ ಹಾಕಿದರೆ ಮುಂದಿನ ವರ್ಷದ ಬೆಳೆ ಉದುರುತ್ತದೆ; ಬಿಟ್ಟರೆ ಈ ವರ್ಷದ್ದು ಒಡೆದು ನೆಲ ಸೇರುತ್ತದೆ. ಕಣದಲ್ಲಿ ಹರಡಿದ ಕಾಫಿಗೆ ಟಾರ್ಪಾಲು ಎಳೆಯುತ್ತಾ ಅದನ್ನು ನೋಡುವವನಿಗೆ ಸರಾಸರಿ ಮಳೆಯ ಅಂಕಿಯಿಂದ ಆಗಬೇಕಾದ್ದೇನೂ ಇಲ್ಲ. ಸೆಕೆಯ ಪಾಲೂ ಇಲ್ಲದಿಲ್ಲ: ಅರೇಬಿಕಾವನ್ನು ಕಾಡುವ ಬಿಳಿ ಕಾಂಡಕೊರಕ ದುಂಬಿ ಮೊಟ್ಟೆಯಿಡಲು ಹುಡುಕುವುದು ಬಿಸಿಲು ಬಿದ್ದ, ಕಾದ ತೊಗಟೆಯನ್ನು.

2018ರ ಆಗಸ್ಟ್ ಮಧ್ಯದಲ್ಲಿ, ಆಶ್ಲೇಷ ಕಳೆದು ಮಘೆ ಹುಟ್ಟುವ ಹೊತ್ತಿಗೆ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜರಿದವು. 2019ರಲ್ಲಿ ತೋರ ಗ್ರಾಮ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಇವೆಲ್ಲವನ್ನೂ ಭೂತಾಪದ ತಲೆಗೆ ಕಟ್ಟುವುದು ಸುಲಭ, ಜಾಣತನವಲ್ಲ. ನಮ್ಮ ಇಳಿಜಾರುಗಳಲ್ಲಿ ಬಂಡೆಯ ಮೇಲೆ ಸವೆದ ಮಣ್ಣಿನ ದಪ್ಪ ಪದರವಿದೆ. ವಾರಗಟ್ಟಲೆ ಮಳೆಗೆ ಮಣ್ಣಿನ ರಂಧ್ರಗಳೆಲ್ಲ ತುಂಬಿಕೊಂಡಾಗ ಒಳಗಿನ ನೀರಿನ ಒತ್ತಡ ಕಣಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ, ಅವುಗಳ ಹಿಡಿತ ಸಡಿಲವಾಗುತ್ತದೆ. ಆ ಸ್ಥಿತಿಯಲ್ಲಿ ಬರುವ ಎಂಟಿಂಚಿನ ದಿನ ನೆಪ ಮಾತ್ರ. ರಸ್ತೆಗೋ ಹೋಂಸ್ಟೇ ಕಟ್ಟಡಕ್ಕೋ ಜೆಸಿಬಿಯಲ್ಲಿ ಗುಡ್ಡದ ಬುಡವನ್ನು ಲಂಬವಾಗಿ ಕಡಿದಿದ್ದರೆ ಜರಿಯುವುದಕ್ಕೆ ದಾರಿ ಮೊದಲೇ ಸಿದ್ಧವಾಗಿರುತ್ತದೆ. ಬಿಸಿಯಾದ ಗಾಳಿ ಎಂಟಿಂಚಿನ ದಿನದ ಸಂಭವವನ್ನು ಹೆಚ್ಚಿಸುತ್ತದೆ, ಬುಡ ಕಡಿಯುವವರು ನಾವು.

ಹಾಗಾಗಿ ಎದುರಿಸುವ ದಾರಿಗಳೂ ಸ್ಥಳ ನೋಡಿಯೇ ಆಗಬೇಕು. ನೀರಿಂಗಿಸಲು ಕಾಫಿಯ ಸಾಲುಗಳ ನಡುವೆ ತೆಗೆಯುವ ತೊಟ್ಟಿಲು ಗುಂಡಿ ಸಾಧಾರಣ ಇಳಿಜಾರಿನಲ್ಲಿ ಒಳ್ಳೆಯದು. ಕಡಿದಾದ, ದಪ್ಪ ಮಣ್ಣಿನ ಗುಡ್ಡದಲ್ಲಿ ಅದೇ ಗುಂಡಿ ಅಪಾಯದ ನೀರನ್ನು ಒಳಕ್ಕೆ ಕಳುಹಿಸುತ್ತದೆ. ಗುಡ್ಡದ ಮೇಲೆ ಹೊಸ ಬಿರುಕು, ಓರೆಯಾದ ಮರ, ಇದ್ದಕ್ಕಿದ್ದಂತೆ ಕೆಂಪಾದ ಒರತೆ ಕಂಡರೆ ಅಧಿಕಾರಿಗಳ ಸೂಚನೆಗೆ ಕಾಯದೆ ಮನೆ ಬಿಡಬೇಕು. ತಗ್ಗಿನ ಭತ್ತದ ಗದ್ದೆಗಳು ಮಳೆನೀರನ್ನು ತಡೆದು ನಿಲ್ಲಿಸುತ್ತವೆ. ಅವನ್ನು ಮಣ್ಣು ತುಂಬಿ ಸೈಟು ಮಾಡಿದರೆ ಆ ನೀರು ಕೆಳಗಿನವರ ಮನೆಗೆ ನುಗ್ಗುತ್ತದೆ. ನಿಂತ ನೀರಿನ ಗದ್ದೆ ಮೀಥೇನ್ ಬಿಡುತ್ತದೆ ಎಂಬುದೂ ನಿಜವೇ, ಆದರೂ ಕೊಡಗಿನ ಒಂದು ಬೆಳೆಯ ಗದ್ದೆಗಳನ್ನು ಉಳಿಸಿಕೊಳ್ಳುವುದೇ ಲೇಸು ಎಂದು ನನ್ನ ಅನಿಸಿಕೆ.

ನೆರಳಿನ ವಿಷಯ ಇನ್ನೂ ಜಟಿಲ. ಅತ್ತಿ, ಬಸರಿ, ಹಲಸು, ನಂದಿ, ಬೀಟೆ ಬೆರೆತ ಮೇಲ್ಛಾವಣಿ ಹಗಲಿನ ಉಷ್ಣತೆಯನ್ನು ಕೆಲವು ಡಿಗ್ರಿ ಇಳಿಸುತ್ತದೆ, ಮಳೆಹನಿಯ ಹೊಡೆತ ತಡೆಯುತ್ತದೆ, ತರಗೆಲೆಯ ಹೊದಿಕೆಯಿಂದ ಬೇಸಿಗೆಯಲ್ಲಿ ತೇವ ಉಳಿಸುತ್ತದೆ. ಬೆಳೆಗಾರನಿಗೆ ಇದು ಗೊತ್ತಿಲ್ಲದೆ ಅಲ್ಲ. ಆದರೂ ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ನೆಡುತ್ತಾನೆ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ನೆಟ್ಟಗೆ ಹಬ್ಬುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಕಡಿದು ಮಾರಲು ರಗಳೆಯಿಲ್ಲ. ಕಾಡುಜಾತಿಯ ಮರಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಬಾಣೆ ಜಮೀನಿನಲ್ಲಂತೂ (ಗದ್ದೆಗೆ ಹೊಂದಿಕೊಂಡು ಹಿಂದೆ ಕೊಟ್ಟ ಗುಡ್ಡದ ಜಮೀನು) ಮರ ಯಾರದ್ದೆಂಬುದೇ ತಕರಾರು. ಮರ ಉಳಿಸಿದವನಿಗೆ ಕಷ್ಟ, ತೆಗೆದವನಿಗೆ ಸಲೀಸು ಎಂಬ ಕಾನೂನು ಇರುವವರೆಗೆ ಉಪದೇಶದಿಂದ ಪ್ರಯೋಜನ ಕಡಿಮೆ.

ಇವೆಲ್ಲ ಹೊಂದಾಣಿಕೆಯ ಕೆಲಸಗಳು. ಇವುಗಳಿಂದ ಬಿಸಿ ಇಳಿಯುವುದಿಲ್ಲ. ಬಿಸಿಯ ಏರಿಕೆ ನಿಲ್ಲಬೇಕಾದರೆ ಕಲ್ಲಿದ್ದಲು, ಪೆಟ್ರೋಲು, ಅನಿಲ ಸುಡುವುದು ನಿಲ್ಲಬೇಕು, ಅದರ ದೊಡ್ಡ ಹೊಣೆ ಕೊಡಗಿನದ್ದಲ್ಲ. ಭಾರತದಲ್ಲಿ ತಲಾ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ವರ್ಷಕ್ಕೆ ಸುಮಾರು 2 ಟನ್, ಅಮೆರಿಕದಲ್ಲಿ 14 ಟನ್ನಿನ ಆಸುಪಾಸು. ಆದರೆ ತೋಟದ ಲೆಕ್ಕ ಸೊನ್ನೆಯೂ ಅಲ್ಲ. ಒಮ್ಮೆಲೇ ಸುರಿದ ಯೂರಿಯಾದಿಂದ ಏಳುವ ನೈಟ್ರಸ್ ಆಕ್ಸೈಡ್, ತೂಕಕ್ಕೆ ತೂಕ, ನೂರು ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಹೆಚ್ಚು ಬಿಸಿ ಮಾಡುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಕಂತುಗಳಲ್ಲಿ ಕೊಟ್ಟರೆ ಹಣವೂ ಉಳಿಯುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವಾಗ ಬರುವ ಪಲ್ಪಿಂಗ್ ನೀರು ಹೊಂಡದಲ್ಲಿ ಕೊಳೆತು ಮೀಥೇನ್ ಆಗುವ ಬದಲು ಜೈವಿಕ ಅನಿಲವಾಗಿ ಒಲೆಗೆ ಬರಬಹುದು. ಮಳೆ ಕೈಕೊಟ್ಟಾಗ ಹೂವಿಗಾಗಿ ಸ್ಪ್ರಿಂಕ್ಲರ್ ತಿರುಗುವುದು ಫೆಬ್ರವರಿ, ಮಾರ್ಚ್‌ನಲ್ಲಿ, ಅಂದರೆ ಸೌರಫಲಕಕ್ಕೆ ಒಳ್ಳೆಯ ಬಿಸಿಲಿರುವ ತಿಂಗಳುಗಳಲ್ಲಿ. ತೊಡಕೂ ಇದೆ: ಪಂಪಿಗೆ ವರ್ಷದಲ್ಲಿ ಕೆಲವೇ ವಾರ ಕೆಲಸ, ಮಳೆಗಾಲದಲ್ಲಿ ಫಲಕಕ್ಕೂ ರಜೆ. ಉಳಿದ ದಿನಗಳ ವಿದ್ಯುತ್ತನ್ನು ಗ್ರಿಡ್ಡಿಗೆ ಕೊಟ್ಟು ಹಣ ಪಡೆಯುವಂತಿದ್ದರೆ ಮಾತ್ರ ಸಣ್ಣ ಬೆಳೆಗಾರನ ಲೆಕ್ಕ ಕೂಡುತ್ತದೆ, ಅದೂ ನಾಲ್ಕೈದು ತೋಟದವರು ಸೇರಿ ಒಂದೇ ಕಡೆ, ಕಣದ ಶೆಡ್ಡಿನ ಮೇಲೆ ಹಾಕಿಸಿಕೊಂಡರೆ.