ಹರಿವ ಮಣ್ಣಿನಲ್ಲಿ ಬಂಡೆಗಳೇಕೆ ಮುಂದೆ ಬರುತ್ತವೆ?

ಗುಡ್ಡ ಕುಸಿದು ಕೆಸರು, ಮರಳು, ಜಲ್ಲಿ, ಬಂಡೆಗಳೆಲ್ಲ ಕಲೆತು ಕಣಿವೆಗುಂಟ ಧಾವಿಸುವಾಗ ಹರಿವಿನ ಮುಂಚೂಣಿಯಲ್ಲಿ ಸಾಮಾನ್ಯವಾಗಿ ಕಾಣುವುದು ದೊಡ್ಡ ಬಂಡೆಗಳ ಗುಂಪು. ನೀರು ತುಂಬಿದ ತೆಳುಗೆಸರು ಅದರ ಬೆನ್ನಿಗಿರುತ್ತದೆ. ಭಾರವಾದದ್ದು ತಳ ಹಿಡಿದು ಹಿಂದುಳಿಯಬೇಕೆಂಬ ನಮ್ಮ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ.

ನಿಂತ ರಾಶಿಯಲ್ಲಿ ಕಣಗಳು ಒಂದರ ಸಂದಿನಲ್ಲೊಂದು ಕೂತಿರುತ್ತವೆ. ರಾಶಿ ಹರಿಯಬೇಕಾದರೆ ಅವು ಒಂದನ್ನೊಂದು ಹತ್ತಿಳಿಯಬೇಕಾದ್ದರಿಂದ ಅದು ಕೊಂಚ ಉಬ್ಬಲೇಬೇಕು. 1885ರಲ್ಲಿ ಬ್ರಿಟಿಷ್ ವಿಜ್ಞಾನಿ ಓಸ್ಬರ್ನ್ ರೆನಾಲ್ಡ್ಸ್ ವಿವರಿಸಿದ ಈ ಗುಣದಿಂದಾಗಿ ಹರಿವಿನೊಳಗೆ ಸಂದುಗಳು ಎಡೆಬಿಡದೆ ತೆರೆದು ಮುಚ್ಚುತ್ತಿರುತ್ತವೆ. ಸಣ್ಣ ಕಣಕ್ಕೆ ಸಾಲುವ ಸಂದು ಬೇಗನೆ ಸಿಗುತ್ತದೆ, ಬಂಡೆಗೆ ಸಾಲುವಂಥದ್ದು ಅಪರೂಪ. ಹಾಗಾಗಿ ಸಣ್ಣವು ಜಾರಿ ಜಾರಿ ಕೆಳಗಿಳಿದು, ಆ ಜಾಗದಲ್ಲಿದ್ದ ದೊಡ್ಡವನ್ನು ಮೇಲಕ್ಕೆ ಒತ್ತುತ್ತವೆ. ಮೊರದಲ್ಲಿ ಅಕ್ಕಿಯನ್ನು ಅಲುಗಿಸಿದಾಗ ನುಚ್ಚು ತಳ ಸೇರುವುದೂ ಹೀಗೆಯೇ. ಬೇರೆ ಜರಡಿ ಬೇಕಿಲ್ಲ, ಕಣಗಳೇ ಜರಡಿಯಾಗುತ್ತವೆ. ಈ ಇಳಿಯುವಿಕೆಯನ್ನೂ ಒತ್ತುವಿಕೆಯನ್ನೂ ಲೆಕ್ಕಕ್ಕೆ ತಂದ ಸಿದ್ಧಾಂತವನ್ನು 1988ರಲ್ಲಿ ಸ್ಯಾವೇಜ್ ಮತ್ತು ಲುನ್ ಎಂಬ ಸಂಶೋಧಕರು ಪ್ರಕಟಿಸಿದರು.

ಮೇಲೆದ್ದ ಮಾತ್ರಕ್ಕೆ ಬಂಡೆ ಮುಂದೆ ಬಂದೀತೆ? ಬರುತ್ತದೆ, ಏಕೆಂದರೆ ತಳದ ಪದರ ನೆಲಕ್ಕೆ ಉಜ್ಜಿ ನಿಧಾನವಾಗುತ್ತದೆ, ಮೇಲ್ಪದರವೇ ಎಲ್ಲಕ್ಕಿಂತ ವೇಗವಾಗಿ ಸಾಗುತ್ತದೆ. ಅದರೊಡನೆ ತುದಿ ತಲುಪಿದ ಬಂಡೆ ಉರುಳಿ ನೆಲಕ್ಕೆ ಬೀಳುತ್ತದೆ, ಹಿಂದಿನಿಂದ ಬಂದ ಹರಿವು ಅದನ್ನು ಮುಚ್ಚುತ್ತದೆ. ಒಳಸೇರಿದ ಅದೇ ಬಂಡೆ ಮತ್ತೆ ಮೇಲೆದ್ದು ಮತ್ತೆ ಮುಂದಕ್ಕೆ ಬರಬಹುದು. ಈ ಸುತ್ತಾಟದಿಂದಾಗಿ ದೊಡ್ಡ ಕಲ್ಲುಗಳು ತುದಿಯಲ್ಲೇ ಜಮಾಯಿಸುತ್ತವೆ.

ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯು ಆರೆಗಾನ್‌ನ ಕಾಡಿನಲ್ಲಿ ಕಟ್ಟಿರುವ 95 ಮೀಟರ್ ಉದ್ದದ, 31 ಡಿಗ್ರಿ ಇಳಿಜಾರಿನ ಕಾಂಕ್ರೀಟ್ ಕಾಲುವೆಯಲ್ಲಿ ವಿಜ್ಞಾನಿಗಳು ಲಾರಿಗಟ್ಟಲೆ ಮರಳು, ಜಲ್ಲಿ, ನೀರನ್ನು ಒಮ್ಮೆಗೇ ಬಿಟ್ಟು ಇದನ್ನು ಕಣ್ಣಾರೆ ನೋಡಿದ್ದಾರೆ. ಅಲ್ಲಿ ಕಂಡ ಇನ್ನೊಂದು ಸಂಗತಿ ನನಗೆ ಹೆಚ್ಚು ಕುತೂಹಲಕರ. ದೊಡ್ಡ ಕಲ್ಲುಗಳ ನಡುವಿನಿಂದ ನೀರು ಬೇಗ ಸೋರಿಹೋಗುವುದರಿಂದ ಮುಂತುದಿಯಲ್ಲಿ ಘರ್ಷಣೆ ಹೆಚ್ಚು. ಹಿಂದಿನ ಕೆಸರು ಅದನ್ನು ಅಕ್ಕಪಕ್ಕಕ್ಕೆ ತಳ್ಳಿದಾಗ ಕಲ್ಲುಗಳು ಅಂಚಿನಲ್ಲಿ ನಿಂತು ಒಡ್ಡುಗಳಾಗುತ್ತವೆ. ಹೀಗೆ ತನ್ನ ಕಾಲುವೆಯನ್ನು ತಾನೇ ಕಟ್ಟಿಕೊಂಡ ಹರಿವು ಅಗಲಕ್ಕೆ ಹರಡದೆ ಇನ್ನಷ್ಟು ದೂರ ಓಡುತ್ತದೆ.

ಜಪಾನಿನ ಹಳ್ಳಗಳಲ್ಲಿ ಉಕ್ಕಿನ ಕೊಳವೆಗಳನ್ನು ಚೌಕಟ್ಟಾಗಿ ಜೋಡಿಸಿ ಕಟ್ಟುವ ತಡೆಗಳು ಇದೇ ಗುಣವನ್ನು ನೆಚ್ಚಿಕೊಂಡಿವೆ. ಮಾಮೂಲಿ ದಿನಗಳಲ್ಲಿ ನೀರೂ ಮರಳೂ ಅವುಗಳ ಸಂದಿನಿಂದ ಸಲೀಸಾಗಿ ಹಾದುಹೋಗುತ್ತವೆ. ಗುಡ್ಡ ಜರಿದಾಗ ಮೊದಲು ಬಂದ ಬಂಡೆಗಳು ಸಂದುಗಳಲ್ಲಿ ಸಿಕ್ಕಿಕೊಂಡು, ಹಿಂದಿನಿಂದ ಬರುವ ಮಣ್ಣಿಗೆ ತಾವೇ ಅಡ್ಡಗಟ್ಟೆಯಾಗುತ್ತವೆ.